ಬೆನಗಲ್ ನರಸಿಂಗ ರಾಯರ ಬರಹಗಳು ಕನ್ನಡಕ್ಕೆ ಬರಲಿ

ಕುವೆಂಪು ಭಾಷಾ ಭಾರತಿ ಪ್ರಾಧಿಕಾರದ ಅಧ್ಯಕ್ಷರಿಗೆ ಮತ್ತು ಸದಸ್ಯರಿಗೆ,

ನಮಸ್ಕಾರ.

ಒಂದು ಕೋರಿಕೆ ಇಟ್ಟುಕೊಂಡು ಈ ಪತ್ರ ಬರೆಯುತ್ತಿದ್ದೇನೆ. ಸಂವಿಧಾನ ಸಭೆಯ ಸಲಹೆಗಾರರಾಗಿದ್ದ ನಮ್ಮ ದಕ್ಷಿಣ ಕನ್ನಡದ ಬೆನಗಲ್ ನರಸಿಂಗ ರಾಯರು (ಬಿ.ಎನ್. ರಾವ್) ಬರೆದ ಟಿಪ್ಪಣಿ, ವರದಿ, ಕರಡುಗಳಲ್ಲಿ ಮುಖ್ಯವಾದವನ್ನು ಆಯ್ದು ಕನ್ನಡದಲ್ಲಿ ಒಂದು ಸಂಪುಟ ತನ್ನಿ. ಸಂವಿಧಾನ ಸಭೆಗಾಗಿ ಬರೆದದ್ದಷ್ಟೇ ಸಾಲದು. ಅದಕ್ಕೂ ಮುಂಚೆ, 1910ರಿಂದ 1944ರವರೆಗೆ, ಬ್ರಿಟಿಷ್ ಸರ್ಕಾರದಲ್ಲಿ ನ್ಯಾಯಾಧೀಶರಾಗಿ, ಅಧಿಕಾರಿಯಾಗಿ ದುಡಿದ ವರ್ಷಗಳಲ್ಲಿ ಬರೆದದ್ದೂ ಅದರಲ್ಲಿ ಇರಲಿ. ನನಗೆ ಅದೇ ಜಾಸ್ತಿ ಮುಖ್ಯ. ಯಾಕೆ ಅಂತ ಹೇಳುತ್ತೇನೆ.

ಪ್ರತಿ ವರ್ಷ ನವೆಂಬರ್ 26 ಮತ್ತು ಜನವರಿ 26 ಹತ್ತಿರ ಬಂದಾಗ ಮೊಬೈಲುಗಳಲ್ಲಿ ಒಂದು ಸಂದೇಶ ಓಡಾಡಲು ಶುರುವಾಗುತ್ತದೆ. ಸಂವಿಧಾನ ಬರೆದವರು ಅಂಬೇಡ್ಕರ್ ಅಲ್ಲ, ಬಿ.ಎನ್. ರಾವ್ ಅಂತ. ಅದಕ್ಕೆ ಸಿಟ್ಟಿನ ಉತ್ತರವೂ ಬರುತ್ತದೆ: ರಾವ್ ಬರೀ ಬ್ರಿಟಿಷರ ಗುಮಾಸ್ತ, ಅವರನ್ನು ಯಾಕೆ ಎಳೆದು ತರುತ್ತೀರಿ ಅಂತ. ಎರಡೂ ಕಡೆಯವರು ರಾಯರ ಒಂದು ಪುಟವನ್ನೂ ಓದಿರುವುದಿಲ್ಲ. ನಾನು ಕಾನೂನು ಓದುವ ಮಕ್ಕಳಿಗೆ ಪಾಠ ಹೇಳುವವನು. ತರಗತಿಯಲ್ಲೂ ಇದೇ ಜಗಳ ಏಳುತ್ತದೆ. ಓದಿ ನೋಡಿ ಎಂದು ಅವರ ಕೈಗೆ ಕನ್ನಡದಲ್ಲಿ ಕೊಡಲು ಒಂದು ಪುಸ್ತಕ ಬೇಕು.

ಜಗಳದ ವಿಷಯ ಮೊದಲು ಮುಗಿಸಿಬಿಡುತ್ತೇನೆ. 1946ರಲ್ಲಿ ರಾಯರು ಸಂವಿಧಾನ ಸಭೆಯ ಸಲಹೆಗಾರರಾದರು. ಆ ಕೆಲಸವನ್ನು ಗೌರವ ಸೇವೆಯಾಗಿ ಮಾಡಿದರು. 1947ರ ಅಕ್ಟೋಬರಿನಲ್ಲಿ 240 ವಿಧಿ, 13 ಅನುಸೂಚಿಗಳ ಮೊದಲ ಕರಡು ಸಿದ್ಧಮಾಡಿದರು. ಅಂಬೇಡ್ಕರ್ ಅಧ್ಯಕ್ಷತೆಯ ಕರಡು ಸಮಿತಿ ಅದನ್ನು ಮುಂದಿಟ್ಟುಕೊಂಡು ತಿದ್ದಿ, ಬದಲಿಸಿ, ಸೇರಿಸಿ 1948ರ ಫೆಬ್ರವರಿಯಲ್ಲಿ 315 ವಿಧಿಗಳ ಕರಡು ಕೊಟ್ಟಿತು. ಸಭೆಯಲ್ಲಿ ಸಾವಿರಾರು ತಿದ್ದುಪಡಿಗಳು ಬಂದವು. ಕೊನೆಗೆ ಆದದ್ದು 395 ವಿಧಿಗಳು. ರಾಯರು ಸಭೆಯ ಸದಸ್ಯರಾಗಿರಲಿಲ್ಲ. ಅಲ್ಲಿ ಎದ್ದು ನಿಂತು ಒಂದೊಂದು ವಿಧಿಯನ್ನೂ ಸಮರ್ಥಿಸಿ, ಪ್ರಶ್ನೆಗಳಿಗೆ ಉತ್ತರ ಕೊಟ್ಟು, ದಾಟಿಸಿದವರು ಅಂಬೇಡ್ಕರ್. ಅದೇ ಅಂಬೇಡ್ಕರ್ 1949ರ ನವೆಂಬರ್ 25ರಂದು ಸಭೆಯ ಮುಂದೆ, ತನಗೆ ಕೊಡುತ್ತಿರುವ ಶ್ರೇಯಸ್ಸಿನಲ್ಲಿ ಒಂದು ಪಾಲು ಒರಟು ಕರಡು ಮಾಡಿಕೊಟ್ಟ ಬಿ.ಎನ್. ರಾಯರಿಗೆ ಸೇರಬೇಕು ಎಂದು ಹೆಸರಿಟ್ಟು ಹೇಳಿದರು. ಇಬ್ಬರ ನಡುವೆ ಇಲ್ಲದ ಜಗಳವನ್ನು ನಾವು ಹುಟ್ಟಿಸಬೇಕಾಗಿಲ್ಲ. ಅಂಬೇಡ್ಕರರನ್ನು ಕುಗ್ಗಿಸಲು ರಾಯರ ಹೆಸರು ಬಳಸುವುದು ರಾಯರಿಗೂ ಮಾಡುವ ಅವಮಾನ.

ಆದರೆ ಈ ಗಲಾಟೆಯಲ್ಲಿ ನಿಜವಾದ ಪ್ರಶ್ನೆಯೇ ಕಳೆದುಹೋಗುತ್ತದೆ. ದೇಶದ ಸಂವಿಧಾನಕ್ಕೆ ಮೊದಲ ಕರಡು ಬರೆಯಬಲ್ಲ ಒಬ್ಬ ಮನುಷ್ಯ 1946ರಲ್ಲಿ ಸಿದ್ಧನಾಗಿ ಸಿಕ್ಕಿದ್ದು ಹೇಗೆ? ಆ ಕೈ ಪಳಗಿದ್ದು ಎಲ್ಲಿ?

ರಾಯರು ಹುಟ್ಟಿದ್ದು 1887ರಲ್ಲಿ. ತಂದೆ ಬೆನಗಲ್ ರಾಘವೇಂದ್ರ ರಾಯರು ವೈದ್ಯರು. ಆಗ ದಕ್ಷಿಣ ಕನ್ನಡ ಜಿಲ್ಲೆ ಮದರಾಸು ಪ್ರಾಂತ್ಯದಲ್ಲಿತ್ತು. ಮಂಗಳೂರಿನ ಕೆನರಾ ಹೈಸ್ಕೂಲಿನಲ್ಲಿ ಓದಿದ ಹುಡುಗ ಮೆಟ್ರಿಕ್ಯುಲೇಷನ್‌ನಲ್ಲಿ ಇಡೀ ಪ್ರಾಂತ್ಯಕ್ಕೆ ಮೊದಲಿಗನಾದ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜು, ಅಲ್ಲಿಂದ ವಿದ್ಯಾರ್ಥಿವೇತನದ ಮೇಲೆ ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜು. 1909ರಲ್ಲಿ ಬ್ರಿಟಿಷ್ ಭಾರತದ ಉನ್ನತ ಆಡಳಿತ ಸೇವೆಯಾದ ಐ.ಸಿ.ಎಸ್. ಪಾಸಾದರು. ಆ ಕಾಲದಲ್ಲಿ ಆ ಪರೀಕ್ಷೆ ಲಂಡನ್ನಿನಲ್ಲಿ ಮಾತ್ರ ನಡೆಯುತ್ತಿತ್ತು. ಹಡಗು ಹತ್ತಲು ದುಡ್ಡಿಲ್ಲದವರಿಗೆ ಬಾಗಿಲೇ ಇರಲಿಲ್ಲ. ಪಾಸಾಗುತ್ತಿದ್ದ ಭಾರತೀಯರು ಬೆರಳೆಣಿಕೆಯಷ್ಟು. (ತಮ್ಮಂದಿರೂ ಕಡಿಮೆಯವರಲ್ಲ. ಬೆನಗಲ್ ರಾಮರಾಯರು ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿ ನೋಟುಗಳ ಮೇಲೆ ಸಹಿ ಹಾಕಿದವರು. ಬಿ. ಶಿವರಾಯರು ಪತ್ರಕರ್ತರು, ಸಂವಿಧಾನ ಸಭೆಯ ಸದಸ್ಯರು.)

ಮೊದಲು ಅವರನ್ನು ಹಾಕಿದ್ದು ಮದರಾಸು ಪ್ರಾಂತ್ಯಕ್ಕೆ. ಊರಿನ ಪ್ರಾಂತ್ಯದಲ್ಲೇ ಅಧಿಕಾರ ಸಿಕ್ಕಿದರೆ ಯಾರು ಬೇಡ ಅಂತಾರೆ? ರಾಯರು ಬೇಡ ಅಂದರು. ಅಲ್ಲಿ ನನಗೆ ನೆಂಟರಿಷ್ಟರು, ಗೆಳೆಯರು ಬಹಳ ಜನ ಇದ್ದಾರೆ, ತಂದೆಯ ಜಮೀನಿದೆ, ಮುಲಾಜಿಲ್ಲದೆ ಕೆಲಸ ಮಾಡುವುದು ಕಷ್ಟವಾದೀತು ಎಂದು ಬರೆದು ಬೇರೆ ಕಡೆ ಕೇಳಿದರು. ಬಂಗಾಳ ಕೊಟ್ಟರು. ಭಾಷೆ ಬೇರೆ, ಜನ ಬೇರೆ, ಮಳೆ ಮಾತ್ರ ನಮ್ಮ ಕಡೆಯ ಹಾಗೆಯೇ. ಪೂರ್ವ ಬಂಗಾಳದ ಜಿಲ್ಲೆಗಳಲ್ಲಿ ನ್ಯಾಯಾಧೀಶರಾಗಿ ವರ್ಷಗಟ್ಟಲೆ ಕೂತರು. ಒಂದು ಕಾನೂನಿನ ವಾಕ್ಯ ಸಡಿಲವಾಗಿದ್ದರೆ ಬಡವನ ಕೈಯಿಂದ ಅರ್ಧ ಎಕರೆ ಹೇಗೆ ಜಾರುತ್ತದೆ ಎನ್ನುವುದು ಜಿಲ್ಲಾ ಕೋರ್ಟಿನಲ್ಲಿ ಕಂಡಷ್ಟು ಚೆನ್ನಾಗಿ ಬೇರೆಲ್ಲೂ ಕಾಣುವುದಿಲ್ಲ. ಇವತ್ತಿನ ನಮ್ಮ ತಾಲ್ಲೂಕು ಕೋರ್ಟುಗಳಲ್ಲಿ ಕೂತು ನೋಡಿದವರಿಗೂ ಅದು ಗೊತ್ತು.

1925ರಲ್ಲಿ ಅಸ್ಸಾಂ ಸರ್ಕಾರ ಅವರನ್ನು ಕರೆದುಕೊಂಡಿತು. ಅಲ್ಲಿನ ಶಾಸನ ಪರಿಷತ್ತಿನ ಕಾರ್ಯದರ್ಶಿ ಮತ್ತು ಸರ್ಕಾರದ ಕಾನೂನು ಅಧಿಕಾರಿ, ಎರಡೂ ಅವರೇ. ಮಸೂದೆ ಬರೆಯುವುದು, ಅದು ಸಭೆಯಲ್ಲಿ ಹೇಗೆ ಪೆಟ್ಟು ತಿನ್ನುತ್ತದೆ ಎಂದು ನೋಡುವುದು, ಕೋರ್ಟಿನಲ್ಲಿ ಸರ್ಕಾರದ ನಿಲುವು ಕಾಯುವುದು, ಮೂರೂ ಒಂದೇ ಮೇಜಿನ ಮೇಲೆ. ಅಸ್ಸಾಂ ಬಡ ಪ್ರಾಂತ್ಯ. ಅಲ್ಲಿನ ನೆಲದಿಂದ ಎಣ್ಣೆ ತೆಗೆಯುತ್ತಿದ್ದರು, ಆದರೆ ಪೆಟ್ರೋಲ್, ಸೀಮೆಎಣ್ಣೆಯ ಸುಂಕ ಕೇಂದ್ರದ ಖಜಾನೆಗೆ ಹೋಗುತ್ತಿತ್ತು. ಭಾರತದ ಆಡಳಿತ ಸುಧಾರಣೆ ಪರಿಶೀಲಿಸಲು ಬ್ರಿಟಿಷರು ಕಳಿಸಿದ ಸೈಮನ್ ಆಯೋಗದ ಮುಂದೆ, ಆಮೇಲೆ ಲಂಡನ್ನಿನಲ್ಲಿ, ಅಸ್ಸಾಮಿಗೆ ಹಣದ ನೆರವು ಬೇಕು ಎಂಬ ವಾದವನ್ನು ಮಂಡಿಸಿದವರು ರಾಯರು. ರಾಜ್ಯದ ಪಾಲು, ಕೇಂದ್ರದ ಪಾಲು ಎಂದು ಇವತ್ತು ನಾವು ತೆರಿಗೆ ಹಂಚಿಕೆಯ ಬಗ್ಗೆ ಮಾತಾಡುತ್ತೇವಲ್ಲ, ಆ ಮಾತನ್ನು ಸಣ್ಣ ಪ್ರಾಂತ್ಯದ ಪರವಾಗಿ ಹತ್ತಿರ ಹತ್ತಿರ ನೂರು ವರ್ಷದ ಹಿಂದೆಯೇ ಅಂಕಿಗಳ ಸಮೇತ ಆಡಿದವರು ನಮ್ಮ ಊರಿನವರು.

1935ರ ಭಾರತ ಸರ್ಕಾರ ಕಾಯ್ದೆ ಬಂದಾಗ ದೇಶದ ಎಲ್ಲ ಹಳೆಯ ಕಾನೂನುಗಳನ್ನೂ ಅದಕ್ಕೆ ಹೊಂದಿಸಬೇಕಾಯಿತು. ಯಾವ ಅಧಿಕಾರ ಪ್ರಾಂತ್ಯಕ್ಕೆ, ಯಾವುದು ಕೇಂದ್ರಕ್ಕೆ ಎಂದು ಒಂದೊಂದು ಕಾಯ್ದೆಯನ್ನೂ ಬಿಚ್ಚಿ ನೋಡಿ ತಿದ್ದುವ ಕೆಲಸ. ಅದನ್ನು 1935ರಿಂದ 1937ರ ನಡುವೆ ಮಾಡಿ ಮುಗಿಸಿದವರು ರಾಯರು. ಯಾರೂ ಚಪ್ಪಾಳೆ ಹೊಡೆಯದ ಕೆಲಸ ಅದು. ಸರ್ಕಾರ 1938ರಲ್ಲಿ ‘ಸರ್’ ಪದವಿ ಕೊಟ್ಟಿತು. ಆಮೇಲೆ ಕಲ್ಕತ್ತಾ ಹೈಕೋರ್ಟಿನ ನ್ಯಾಯಮೂರ್ತಿ. ಆಗಿನ ಫೆಡರಲ್ ಕೋರ್ಟಿಗೆ, ಅಂದರೆ ಹೈಕೋರ್ಟುಗಳ ಮೇಲಿನ ಕೋರ್ಟಿಗೆ, ಹೋಗಲು ಹೈಕೋರ್ಟಿನಲ್ಲಿ ಐದು ವರ್ಷದ ಅನುಭವ ಬೇಕಿತ್ತು. ಆದರೆ ಸರ್ಕಾರ ಅವರನ್ನು ಪೀಠದಲ್ಲಿ ನೆಮ್ಮದಿಯಾಗಿ ಕೂರಲು ಬಿಡಲಿಲ್ಲ. 1940ರಲ್ಲಿ ಗ್ರೇಟ್ ಇಂಡಿಯನ್ ಪೆನಿನ್ಸುಲಾ (ಜಿ.ಐ.ಪಿ.) ರೈಲ್ವೆ ಕಾರ್ಮಿಕರ ತುಟ್ಟಿಭತ್ಯೆಯ ವಿಚಾರಣೆ ಅವರಿಗೆ ಒಪ್ಪಿಸಿತು. ಮರುವರ್ಷ ಎರಡು ದೊಡ್ಡ ಕೆಲಸಗಳು ಬಂದವು. ಆ ಎರಡರ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು.

ಮೊದಲನೆಯದು ಸಿಂಧೂ ನದಿ. ಅದರ ಉಪನದಿ ಸಟ್ಲೆಜ್‌ಗೆ ಭಾಕ್ರಾದಲ್ಲಿ ಅಣೆಕಟ್ಟು ಕಟ್ಟಲು ಪಂಜಾಬ್ ಹೊರಟಿತ್ತು. ಕೆಳಗಿನ ಸಿಂಧ್ ಪ್ರಾಂತ್ಯ ದೂರು ಕೊಟ್ಟಿತು. ಮೇಲಿನವರು ನೀರು ಹಿಡಿದರೆ, ನೆರೆ ಬಂದಾಗ ಮಾತ್ರ ತುಂಬುವ ನಮ್ಮ ಕಾಲುವೆಗಳು ಒಣಗುತ್ತವೆ ಅಂತ. 1941ರಲ್ಲಿ ಆಯೋಗ ರಚನೆಯಾಯಿತು. ರಾಯರು ಅಧ್ಯಕ್ಷರು, ಜೊತೆಗೆ ಇಬ್ಬರು ಎಂಜಿನಿಯರುಗಳು. ಅವರು ಶುರು ಮಾಡಿದ ರೀತಿ ನೋಡಿ. ವಾದಕ್ಕಿಂತ ಮೊದಲು, ಬೇರೆ ದೇಶಗಳ ತೀರ್ಪು ಮತ್ತು ಒಪ್ಪಂದಗಳನ್ನೆಲ್ಲ ಓದಿ, ನೀರಿನ ಜಗಳಕ್ಕೆ ಅನ್ವಯಿಸಬಹುದಾದ ತತ್ವಗಳ ಒಂದು ಪಟ್ಟಿ ಮಾಡಿ ಎಲ್ಲ ಕಕ್ಷಿಗಳಿಗೂ ಕಳಿಸಿದರು. ಇದಕ್ಕೆ ನೀವು ಒಪ್ಪುತ್ತೀರಾ, ತಪ್ಪಿದ್ದರೆ ಹೇಳಿ ಅಂದರು. ಮೊದಲನೆಯ ತತ್ವ: ರಾಜಿಯೇ ಎಲ್ಲಕ್ಕಿಂತ ಒಳ್ಳೆಯದು, ನಡುವೆ ಗಡಿಯೇ ಇಲ್ಲದ ಒಂದೇ ಸಮುದಾಯದವರ ಹಾಗೆ ಕೂತು ತಾಂತ್ರಿಕ ಪರಿಹಾರ ಹುಡುಕಿ. ರಾಜಿ ಆಗದಿದ್ದರೆ? ನದಿ ನನ್ನ ನೆಲದಲ್ಲಿ ಹರಿಯುತ್ತದೆ, ಏನು ಬೇಕಾದರೂ ಮಾಡುತ್ತೇನೆ ಎಂದು ಮೇಲಿನವರು ಹೇಳುವಂತಿಲ್ಲ. ಹುಟ್ಟಿದಂದಿನಿಂದ ಹರಿದುಬಂದ ಹಾಗೇ ನೀರು ನನಗೆ ಬರಬೇಕು ಎಂದು ಕೆಳಗಿನವರೂ ಹಟ ಹಿಡಿಯುವಂತಿಲ್ಲ. ಪ್ರತಿಯೊಬ್ಬರಿಗೂ ನ್ಯಾಯವಾದ ಪಾಲು, ಅಷ್ಟೇ.

1942ರ ವರದಿಯಲ್ಲಿ, ಪಂಜಾಬಿನ ಯೋಜನೆಗಳಿಂದ ಸಿಂಧ್‌ನ ಆ ಕಾಲುವೆಗಳಿಗೆ, ಮುಖ್ಯವಾಗಿ ಸೆಪ್ಟೆಂಬರ್ ತಿಂಗಳಲ್ಲಿ, ನಿಜವಾದ ಹಾನಿ ಆಗುತ್ತದೆ ಎಂದರು. ಹಾಗಂತ ಪಂಜಾಬಿಗೆ ಸುಮ್ನೆ ಬೇಡ ಎಂದು ಹೇಳಲಿಲ್ಲ. ಸಿಂಧ್‌ನಲ್ಲಿ ಹೊಸ ಬ್ಯಾರೇಜುಗಳು ಬೇಕು, ಅದರ ಖರ್ಚಿನಲ್ಲಿ ಪಂಜಾಬ್ ಪಾಲು ಕೊಡಬೇಕು ಎಂಬ ದಾರಿ ತೋರಿಸಿದರು. ಎರಡೂ ಪ್ರಾಂತ್ಯಗಳಿಗೆ ತೃಪ್ತಿ ಆಗಲಿಲ್ಲ. ಮಾತುಕತೆ ಎಳೆಯುತ್ತಾ ಹೋಯಿತು. ಅಷ್ಟರಲ್ಲಿ ದೇಶವೇ ಎರಡಾಯಿತು.

ವರದಿ ಜಾರಿಗೆ ಬರಲಿಲ್ಲ, ತತ್ವ ಉಳಿಯಿತು. ಕೃಷ್ಣಾ, ಕಾವೇರಿ ನ್ಯಾಯಮಂಡಳಿಗಳು ನಡೆದದ್ದು ನ್ಯಾಯವಾದ ಪಾಲು ಎಂಬ ಈ ದಾರಿಯಲ್ಲೇ. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಕಾವೇರಿ ತೀರ್ಪು ಕೊಟ್ಟು, ನದಿಯ ಮೇಲೆ ಯಾವ ರಾಜ್ಯಕ್ಕೂ ಮಾಲೀಕತ್ವ ಇಲ್ಲ ಎಂದು ಹೇಳಿ, ಕರ್ನಾಟಕದ ಪಾಲನ್ನು 14.75 ಟಿ.ಎಂ.ಸಿ. ಹೆಚ್ಚಿಸಿತು. ಮಂಡ್ಯದ ರೈತ ತನ್ನ ಗದ್ದೆಯ ಬದುವಿನಲ್ಲಿ ನಿಂತು ಕೇಳುವ ಪ್ರಶ್ನೆಗೂ, ಮಂಗಳೂರಿನ ಹೈಸ್ಕೂಲಿನಲ್ಲಿ ಓದಿದ ಒಬ್ಬ ನ್ಯಾಯಾಧೀಶರು 1942ರಲ್ಲಿ ಬರೆದ ವರದಿಗೂ ನೇರ ಸಂಬಂಧ ಇದೆ. ಆ ರೈತನಿಗೆ ಅದನ್ನು ಓದುವ ಹಕ್ಕಿಲ್ವಾ? ಮಳೆ ಕೈಕೊಟ್ಟಾಗಲೆಲ್ಲ ನಾವು ಬೀದಿಗೆ ಇಳಿಯುತ್ತೇವೆ, ಬಸ್ಸು ನಿಲ್ಲಿಸುತ್ತೇವೆ. ಹಂಚಿಕೆಯ ಲೆಕ್ಕ ಯಾವ ವಿಚಾರದ ಮೇಲೆ ನಿಂತಿದೆ ಎನ್ನುವುದನ್ನು ಕನ್ನಡದಲ್ಲಿ ತಿಳಿಸಿ ಹೇಳುವವರು ಕಡಿಮೆ.

ಎರಡನೆಯದು ಹಿಂದೂ ಕಾನೂನು ಸಮಿತಿ. 1937ರಲ್ಲಿ ವಿಧವೆಯರ ಆಸ್ತಿ ಹಕ್ಕಿಗೆಂದು ಒಂದು ಕೇಂದ್ರ ಕಾಯ್ದೆ ಬಂದಿತ್ತು. (ನಮ್ಮ ಮೈಸೂರು ಸಂಸ್ಥಾನ ಅದಕ್ಕೂ ಮೊದಲೇ, 1933ರಲ್ಲೇ, ಹೆಣ್ಣುಮಕ್ಕಳ ಹಕ್ಕಿನ ಕಾಯ್ದೆ ಮಾಡಿತ್ತು ಎನ್ನುವುದನ್ನು ಇಲ್ಲಿ ನೆನೆಯಬೇಕು.) ಕೇಂದ್ರದ ಆ ಕಾಯ್ದೆ ಗೊಂದಲದ ಗೂಡಾಗಿತ್ತು. ಅದನ್ನು ಸರಿಮಾಡಲು 1941ರಲ್ಲಿ ರಾಯರ ಸಮಿತಿ ನೇಮಕವಾಯಿತು. ಅಲ್ಲೊಂದು ಇಲ್ಲೊಂದು ತೇಪೆ ಹಾಕಿ ಪ್ರಯೋಜನ ಇಲ್ಲ, ಪೂರ್ತಿ ಸಂಹಿತೆಯೇ ಬೇಕು ಎಂದು ಸಮಿತಿ ಹೇಳಿತು. 1944ರಲ್ಲಿ ಮತ್ತೆ ಕೂತು ಕರಡು ಮಾಡಿತು. ದೇಶಭಾಷೆಗಳಿಗೆ ಭಾಷಾಂತರಿಸಿ ಹಂಚಿತು. ಊರೂರು ಸುತ್ತಿ ಸಾಕ್ಷಿ ಕೇಳಿತು. ಕಪ್ಪು ಬಾವುಟಗಳನ್ನೂ ಎದುರಿಸಿತು. ಒಬ್ಬನಿಗೆ ಒಬ್ಬಳೇ ಹೆಂಡತಿ, ಕೆಲವು ಕಾರಣಗಳಿಗೆ ವಿಚ್ಛೇದನ, ತಂದೆಯ ಆಸ್ತಿಯಲ್ಲಿ ಮಗಳಿಗೆ ಮಗನ ಅರ್ಧದಷ್ಟು ಪಾಲು. ಇವತ್ತು ಅರ್ಧ ಎಂದರೆ ಕೋಪ ಬರುತ್ತದೆ, ಬರಬೇಕು. ಅಂದು ಅಷ್ಟಕ್ಕೇ ಬೆಂಕಿ ಹತ್ತಿತು. ಸಮಿತಿಯ ಒಳಗೇ ಒಬ್ಬ ಸದಸ್ಯರು ಒಪ್ಪಲಿಲ್ಲ. ಮಗಳ ಪಾಲನ್ನು ಮಗನ ಸಮಕ್ಕೆ ಏರಿಸಿ ಮುಂದೆ ಒಯ್ದವರು ಅಂಬೇಡ್ಕರ್. ಆ ಹಿಂದೂ ಸಂಹಿತೆಯ ಮಸೂದೆ ಸಂಸತ್ತಿನಲ್ಲಿ ದಾಟದೆ ಹೋದಾಗ ಅವರು ಮಂತ್ರಿಗಿರಿಯನ್ನೇ ಬಿಟ್ಟರು. ಕೊನೆಗೆ 1955 ಮತ್ತು 1956ರಲ್ಲಿ ಕಾಯ್ದೆಗಳಾದವು. ಮೊಬೈಲಿನ ಸಂದೇಶದಲ್ಲಿ ಎದುರುಬದುರು ನಿಲ್ಲಿಸುವ ಈ ಇಬ್ಬರು ಇಲ್ಲಿ ಒಂದೇ ಕೆಲಸವನ್ನು ಒಬ್ಬರ ನಂತರ ಒಬ್ಬರು ಎತ್ತಿಕೊಂಡಿದ್ದಾರೆ.

ಈ ಕೋರಿಕೆಗೆ ಒಂದು ಆಕ್ಷೇಪ ಬರುತ್ತದೆ, ಅದು ಸಣ್ಣದಲ್ಲ. ಗಾಂಧಿ, ನೆಹರೂ ಜೈಲಿನಲ್ಲಿದ್ದಾಗ ಈ ಮನುಷ್ಯ ವೈಸ್‌ರಾಯ್ ಸರ್ಕಾರದ ಸಂಬಳ ತೆಗೆದುಕೊಂಡು ಹೈಕೋರ್ಟಿನಲ್ಲಿ ಕೂತಿದ್ದರು. 1942ರಲ್ಲಿ ಈಸೂರಿನ ಜನ ಊರಿಗೇ ಸ್ವಾತಂತ್ರ್ಯ ಸಾರಿದರು, ಮರುವರ್ಷ ಆ ಊರಿನ ಐವರು ನೇಣಿಗೇರಿದರು. ಅದೇ 1942ರಲ್ಲಿ ರಾಯರು ಬರೆಯುತ್ತಿದ್ದದ್ದು ಕಾಲುವೆಗಳ ವರದಿ. ಈ ಎರಡನ್ನೂ ಪಕ್ಕಪಕ್ಕ ಇಟ್ಟರೆ ಮನಸ್ಸಿಗೆ ಕಷ್ಟವಾಗುತ್ತದೆ. ನನಗೂ ಆಗುತ್ತದೆ. ರಾಯರು ಸ್ವಾತಂತ್ರ್ಯ ಹೋರಾಟಗಾರರಲ್ಲ, ಅವರನ್ನು ಹಾಗೆ ತೋರಿಸುವ ಅಗತ್ಯವೂ ಇಲ್ಲ. ಆದರೆ ಬ್ರಿಟಿಷರು ಹೋದ ಮರುದಿನವೂ ಕೋರ್ಟು ತೆರೆಯಬೇಕಿತ್ತು, ರೈಲು ಓಡಬೇಕಿತ್ತು, ನೀರು ಹಂಚಬೇಕಿತ್ತು. ಆ ಕೆಲಸ ಬಲ್ಲವರು ಕೆಲವರಾದರೂ ನಮ್ಮವರೇ ಇದ್ದರು. ಅವರು ಅದನ್ನು ಕಲಿತದ್ದು ಪರರ ಆಡಳಿತದಲ್ಲಿ. ಬೇರೆ ಎಲ್ಲಿ ಕಲಿಯಲು ಸಾಧ್ಯವಿತ್ತು? ಜೈಲಿಗೆ ಹೋದವರ ಋಣ ದೊಡ್ಡದು. ಕಡತದ ಮುಂದೆ ಕೂತು ಪ್ರಾಮಾಣಿಕವಾಗಿ ದುಡಿದವರ ಋಣವೂ ಇದೆ.

ಐ.ಸಿ.ಎಸ್.ನಿಂದ ನಿವೃತ್ತರಾಗಿ 1944ರಲ್ಲಿ ಅವರು ಆಗಿನ ಕಾಶ್ಮೀರ ಸಂಸ್ಥಾನದ ಪ್ರಧಾನಿಯಾದರು. ಮಹಾರಾಜ ಹರಿಸಿಂಗ್ ಜೊತೆ ಮೂಲ ನೀತಿಗಳಲ್ಲೇ ಹೊಂದಾಣಿಕೆ ಆಗಲಿಲ್ಲ. ಮರುವರ್ಷ ರಾಜೀನಾಮೆ ಕೊಟ್ಟು ಬಂದರು.

ಸಂವಿಧಾನದ ಕೆಲಸದಲ್ಲಿ ಅವರು ಮಾಡಿದ್ದೆಲ್ಲ ಸರಿ ಅಂತ ನಾನು ಹೇಳುವುದಿಲ್ಲ. ಕರಡು ಮುಗಿಸಿ ಅವರು ಅಮೆರಿಕ, ಕೆನಡಾ, ಐರ್ಲೆಂಡ್, ಇಂಗ್ಲೆಂಡ್‌ಗಳಿಗೆ ಹೋಗಿ ಅಲ್ಲಿನ ನ್ಯಾಯಾಧೀಶರನ್ನು ಕಂಡರು. ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫ್ರಾಂಕ್‌ಫರ್ಟರ್, ಕಾನೂನು ನ್ಯಾಯವಾಗಿದೆಯೇ ಇಲ್ಲವೇ ಎಂದು ತೂಗುವಷ್ಟು ಅಧಿಕಾರ ಕೋರ್ಟಿಗೆ ಕೊಡುವುದು ಸರಿಯಲ್ಲ ಎಂದರು. ಚುನಾಯಿತ ಸಭೆಯ ತೀರ್ಮಾನವನ್ನು ಕೆಲವೇ ನ್ಯಾಯಾಧೀಶರು ಹೊಡೆದುಹಾಕುವುದು ಪ್ರಜಾಪ್ರಭುತ್ವಕ್ಕೆ ಒಪ್ಪುವುದಿಲ್ಲ ಎಂಬುದು ಅವರ ವಾದ. ಅದು ರಾಯರ ಮನಸ್ಸಿಗೆ ನಾಟಿತು. ಹೀಗೆ ಜೀವ ಮತ್ತು ಸ್ವಾತಂತ್ರ್ಯದ ಹಕ್ಕಿನ 21ನೇ ವಿಧಿಯಲ್ಲಿ, ಕಾನೂನು ಹೇಳಿದ ವಿಧಾನ ಪಾಲಿಸಿದರೆ ಸಾಕು, ಒಬ್ಬನ ಸ್ವಾತಂತ್ರ್ಯ ಕಸಿಯಬಹುದು ಎಂಬ ಹಾಗಾಯಿತು. 1950ರಲ್ಲೇ ಎ.ಕೆ. ಗೋಪಾಲನ್ ಮೊಕದ್ದಮೆಯಲ್ಲಿ ಅದರ ಪರಿಣಾಮ ಕಂಡಿತು. ಮುಂಜಾಗ್ರತಾ ಬಂಧನದ ಕಾನೂನನ್ನು ಕೋರ್ಟು ಬಹುಮಟ್ಟಿಗೆ ಎತ್ತಿಹಿಡಿಯಿತು. ಆ ವಿಧಾನ ನ್ಯಾಯವಾಗಿಯೂ ಇರಬೇಕು ಎಂದು ಸುಪ್ರೀಂ ಕೋರ್ಟು ಹೇಳಲು 1978ರ ಮೇನಕಾ ಗಾಂಧಿ ತೀರ್ಪಿನವರೆಗೆ ಕಾಯಬೇಕಾಯಿತು. ನಡುವೆ ತುರ್ತು ಪರಿಸ್ಥಿತಿ ಬಂದು ಹೋಯಿತು. ಈ ವಿಷಯದಲ್ಲಿ ರಾಯರು ಎಡವಿದರು ಎಂದೇ ನನ್ನ ಅಭಿಪ್ರಾಯ. ಸಾಮ್ರಾಜ್ಯದ ಕಡತಗಳ ನಡುವೆ ಬೆಳೆದ ಅಧಿಕಾರಿಗೆ ಸರ್ಕಾರದ ಮೇಲೆ ನಂಬಿಕೆ ಸ್ವಲ್ಪ ಜಾಸ್ತಿಯೇ ಇತ್ತೇನೋ. ನಿಮ್ಮ ಸಂಪುಟದಲ್ಲಿ ಈ ವಿಷಯದ ಬಗ್ಗೆ ಅವರು ಬರೆದದ್ದೂ ಇರಬೇಕು. ಅವರನ್ನು ಹೊಗಳುವ ಪುಸ್ತಕ ಬೇಡ, ಅವರ ಜೊತೆ ವಾದ ಮಾಡಲು ಸಾಧ್ಯವಾಗುವ ಪುಸ್ತಕ ಬೇಕು.

ಆಮೇಲಿನದು ನಿಮಗೆ ಗೊತ್ತಿರುವುದೇ. ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿ. 1950ರ ಜೂನಿನಲ್ಲಿ ಕೊರಿಯಾ ಯುದ್ಧ ಶುರುವಾದಾಗ ಭದ್ರತಾ ಮಂಡಳಿಯ ಅಧ್ಯಕ್ಷ ಪೀಠದಲ್ಲಿದ್ದವರು ಅವರೇ. 1952ರಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದರು. 1953ರ ನವೆಂಬರ್ 30ರಂದು ಜ್ಯೂರಿಕ್‌ನಲ್ಲಿ ತೀರಿಕೊಂಡರು.

ಈಗ ನನ್ನ ಕೋರಿಕೆಯ ವಿವರ. ಸಿಂಧೂ ಆಯೋಗದ ವರದಿಯಲ್ಲಿ ತತ್ವಗಳನ್ನು ಚರ್ಚಿಸುವ ಭಾಗ ಪೂರ್ತಿ ಬರಲಿ, ಅಂಕಿಅಂಶದ ಕೋಷ್ಟಕಗಳನ್ನು ಬಿಟ್ಟರೂ ನಡೆಯುತ್ತದೆ. ಹಿಂದೂ ಕಾನೂನು ಸಮಿತಿಯ ವರದಿಯನ್ನು ಹಾಕುವಾಗ ಭಿನ್ನಮತವನ್ನೂ ಹಾಕಿ. ಸಂವಿಧಾನ ಸಭೆಯ ಸದಸ್ಯರಿಗಾಗಿ ಬೇರೆ ದೇಶಗಳ ಸಂವಿಧಾನಗಳನ್ನು ವಿವರಿಸಿ ಅವರು ಮಾಡಿಕೊಟ್ಟ ಟಿಪ್ಪಣಿಗಳು, 1947ರ ಮಾರ್ಚಿನಲ್ಲಿ ಶಾಸಕರಿಗೆ ಕಳಿಸಿದ ಪ್ರಶ್ನಾವಳಿ, ಅಕ್ಟೋಬರಿನ ಕರಡು ಮತ್ತು ಅದರ ಪಕ್ಕದಲ್ಲಿ ಕರಡು ಸಮಿತಿ ಮಾಡಿದ ಬದಲಾವಣೆಗಳು ಇರಲಿ. ಎರಡನ್ನೂ ಎದುರುಬದುರು ಪುಟದಲ್ಲಿ ಅಚ್ಚು ಹಾಕಿದರೆ, ಯಾರು ಏನು ಬರೆದರು ಎಂಬ ಜಗಳಕ್ಕೆ ಓದುಗರೇ ಉತ್ತರ ಕಂಡುಕೊಳ್ಳುತ್ತಾರೆ.

ಭಾಷಾಂತರವನ್ನು ಕೋರ್ಟಿನಲ್ಲಿ ಕನ್ನಡ ಬಳಸುವ ವಕೀಲರಿಂದ, ನಿವೃತ್ತ ನ್ಯಾಯಾಧೀಶರಿಂದ ಒಮ್ಮೆ ಓದಿಸಿ. ರಾಯರದ್ದು ಚಿಕ್ಕ ವಾಕ್ಯ, ನೇರ ಮಾತು. ಕನ್ನಡದಲ್ಲಿ ಅದು ಸಂಸ್ಕೃತದ ಭಾರಕ್ಕೆ ಬಗ್ಗಿಹೋಗಬಾರದು. ಅಂಬೇಡ್ಕರರ ಬರಹ ಭಾಷಣಗಳನ್ನು ಕನ್ನಡಿಗರ ಕೈಗೆ ಅಗ್ಗದ ಬೆಲೆಯಲ್ಲಿ ಇಟ್ಟವರು ನೀವು. ಆ ಸಂಪುಟಗಳು ಹಳ್ಳಿಯ ಹಾಸ್ಟೆಲುಗಳವರೆಗೂ ಹೋಗಿವೆ. ಅದೇ ಕಪಾಟಿನಲ್ಲಿ ಇದೂ ಇರಲಿ. ಅಚ್ಚಾದ ಪ್ರತಿಗಳು ಕಾನೂನು ಕಾಲೇಜುಗಳ ಜೊತೆಗೆ ತಾಲ್ಲೂಕಿನ ವಕೀಲರ ಸಂಘಗಳಿಗೂ ಹೋಗಲಿ. ಉಚಿತ ಇ-ಪುಸ್ತಕವನ್ನೂ ಮಾಡಿ.

ಟಿಪ್ಪಣಿ ಬರೆಯಲು, ಪಠ್ಯ ಹೋಲಿಸಿ ನೋಡಲು, ಕರಡಚ್ಚು ತಿದ್ದಲು ಜನ ಬೇಕಾದರೆ ನಾನು ಬರುತ್ತೇನೆ. ನನ್ನ ವಿದ್ಯಾರ್ಥಿಗಳೂ ಬರುತ್ತಾರೆ, ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಈ ಪತ್ರ ಓದಿದ ಉಳಿದವರೂ ಪ್ರಾಧಿಕಾರಕ್ಕೆ ಒಂದು ಸಾಲು ಬರೆದು ಹಾಕಿ ಎಂದು ಕೇಳಿಕೊಳ್ಳುತ್ತೇನೆ. ಮುಂದಿನ ವರ್ಷದ ಪ್ರಕಟಣೆಗಳ ಪಟ್ಟಿ ಮಾಡುವಾಗ ಇದನ್ನು ಎತ್ತಿಕೊಳ್ಳುತ್ತೀರಿ ಎಂದು ನಂಬಿದ್ದೇನೆ.

ವಿಶ್ವಾಸದಿಂದ,
ದಕ್ಷಿಣ ಕನ್ನಡದ ಒಬ್ಬ ಕಾನೂನು ಅಧ್ಯಾಪಕ